ಸ್ಟಾಕ್ ಫೋಟೋ ತೆಗೆದು ತೆಗೆದು ಕೈ ಕೆಟ್ಟಿದೆ, ಅಪ್ಪನ ಅಂಗಡಿಯದೊಂದು ಫೋಟೋ ತೆಗೆಯಲು ಆಗುತ್ತಿಲ್ಲ

ಕಾಜಾಗುಂಡಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನನ್ನ ಊರು ರಾಣೆಬೆನ್ನೂರು. 2014ರಿಂದ ಸ್ಟಾಕ್ ಫೋಟೋ ಮಾಡುತ್ತಿದ್ದೇನೆ, ಅಂದರೆ ಯಾರು ಬೇಕಾದರೂ ದುಡ್ಡು ಕೊಟ್ಟು ಜಾಹೀರಾತಿಗೋ ಪತ್ರಿಕೆಗೋ ಬಳಸಲಿ ಅಂತ ಆನ್‌ಲೈನ್ ಏಜೆನ್ಸಿಗಳಿಗೆ ಫೋಟೋ ಏರಿಸಿಡುವುದು. ಮೂರು ಏಜೆನ್ಸಿ ಸೇರಿ ಏಳು ಸಾವಿರದ ಹತ್ತಿರ ಫೈಲ್ ಇವೆ. ನೀವೆಲ್ಲ ನೋಡಿರುವಂಥವೇ. ಬಿಳಿ ಕಾಗದದ ಮೇಲೆ ಹೆಚ್ಚಿದ ಬೆಂಡೆಕಾಯಿ. ಲ್ಯಾಪ್‌ಟಾಪ್ ನೋಡಿ ನಗುವ ಸೀರೆ ಉಟ್ಟ ಹೆಂಗಸು (ನಮ್ಮ ಅತ್ತಿಗೆ, ಲ್ಯಾಪ್‌ಟಾಪ್ ಆಫ್ ಇತ್ತು). ಸ್ಟೆತಸ್ಕೋಪ್ ಹಾಕಿಕೊಂಡ ಡಾಕ್ಟರ್ (ಪಕ್ಕದ ಮನೆಯ ಬಿ.ಕಾಂ. ಹುಡುಗ). ನನ್ನದರಲ್ಲಿ ಎಲ್ಲಕ್ಕಿಂತ ಜಾಸ್ತಿ ಓಡಿದ್ದು 2000 ರೂಪಾಯಿ ನೋಟಿನ ಫೋಟೋ. 2016ರ ನವೆಂಬರಿನಲ್ಲಿ ಬ್ಯಾಂಕಿನ ಮುಂದೆ ಮೂರು ತಾಸು ನಿಂತು ಒಂದು ನೋಟು ತಂದೆ, ಅದನ್ನು ಖರ್ಚು ಮಾಡುವ ಮೊದಲೇ ಫೋಟೋ ತೆಗೆದು ಏರಿಸಿದೆ. 2023ರಲ್ಲಿ ರಿಸರ್ವ್ ಬ್ಯಾಂಕು ಆ ನೋಟನ್ನೇ ವಾಪಸ್ ತೆಗೆದುಕೊಂಡಿತು, ಫೋಟೋ ಮಾತ್ರ ಇವತ್ತಿಗೂ ತಿಂಗಳಿಗೆ ಒಂದೆರಡು ಸಲ ಹೋಗುತ್ತದೆ.

ದುಡ್ಡಿನ ಗೋಳು ಹೇಳಲು ಬರೆಯುತ್ತಿಲ್ಲ. ಅದು ಗೊತ್ತಿರುವುದೇ, ಮೊದಲು ಒಂದು ಡೌನ್‌ಲೋಡಿಗೆ ಬರುತ್ತಿದ್ದುದು ಈಗ ಹತ್ತು ಸೆಂಟಿಗೆ ಇಳಿದಿದೆ, ಒಂದು ಏಜೆನ್ಸಿಯಲ್ಲಂತೂ ನಮ್ಮ ಪಾಲು ನಿರ್ಧರಿಸುವ ಲೆವೆಲ್ ಜನವರಿ ಒಂದಕ್ಕೆ ಮತ್ತೆ ಮೊದಲನೆಯದಕ್ಕೆ ಇಳಿಯುತ್ತದೆ. ನನ್ನ ತೊಂದರೆ ಬೇರೆ.

ನಮ್ಮ ಅಪ್ಪ ಟೈಲರ್. ಹೋದ ವರ್ಷ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಿನೋವಿನ ಎಣ್ಣೆಯ ದೊಡ್ಡ ಬೋರ್ಡು ಬಂತು. ನೋಡಿದರೆ ಅದರಲ್ಲಿ ನಮ್ಮ ಅಪ್ಪ! 2018ರಲ್ಲಿ ‘ನಗುತ್ತಿರುವ ಹಿರಿಯ ವ್ಯಕ್ತಿ’ ಅಂತ ನಾನು ತೆಗೆದ ಫೋಟೋ ಅದು. ಅವತ್ತು ಅಪ್ಪನದು ಎಂಬಂಥ ಒಳ್ಳೆ ಅಂಗಿ ಇರಲಿಲ್ಲ, ಡೆಲಿವರಿಗೆ ಇಸ್ತ್ರಿ ಮಾಡಿ ಇಟ್ಟಿದ್ದ ಗಿರಾಕಿಯ ತಿಳಿನೀಲಿ ಅಂಗಿಯನ್ನೇ ಹಾಕಿಸಿದ್ದೆ. ಬೋರ್ಡು ಬಂದ ಎರಡೇ ದಿನಕ್ಕೆ ಆ ಗಿರಾಕಿ ಅಂಗಡಿಗೆ ಬಂದು, “ಆ ಅಂಗಿ ನಂದಲ್ಲೇನ್ರೀ?” ಅಂದರು. ಉಳಿದವರೆಲ್ಲ ಯಾವ ಎಣ್ಣಿ ಹಚ್ಚಾಕತ್ತೀರಿ ಅಂತ ಕೇಳತೊಡಗಿದರು. ಅಪ್ಪನಿಗೆ ಮಂಡಿನೋವೇ ಇಲ್ಲ, ನಲವತ್ತು ವರ್ಷ ಪೆಡಲ್ ತುಳಿದ ಕಾಲು.

ಅಪ್ಪ ನಕ್ಕು ಬಿಟ್ಟರು. ಆಮೇಲೆ ರಾತ್ರಿ ಊಟ ಮಾಡುವಾಗ ಸುಮ್ನೆ ಕೇಳಿದರು: “ಅಂಗಡ್ಯಾಗ ಕುಂತು ಹೊಲಿಯೋದು ಒಂದರ ಫೋಟೋ ಐತೇನು ನಿನ್ನ ಹತ್ರ?”

ಇಲ್ಲ. ಅಪ್ಪನ ಫೋಟೋ ಇನ್ನೂರರ ಮೇಲಿವೆ. ಫೋನ್ ಹಿಡಿದದ್ದು, ಟೀ ಕುಡಿಯುವುದು, ಹೆಬ್ಬೆರಳು ಎತ್ತಿದ್ದು. ಕೊರಳಲ್ಲಿ ಟೇಪು ಇರುವ ಅಪ್ಪ ಒಂದರಲ್ಲೂ ಇಲ್ಲ.

ಈಗ ಆ ಕಟ್ಟಡ ಕೆಡವುತ್ತಾರಂತೆ, ದೀಪಾವಳಿ ಆದಮೇಲೆ ಅಂಗಡಿ ಬಿಡಬೇಕು. ಅದಕ್ಕೆ ಹೋದ ಭಾನುವಾರ ಕ್ಯಾಮೆರಾ ತೆಗೆದುಕೊಂಡು ಹೋದೆ. ಹೋದವನು ಏನು ಮಾಡಿದೆ ಗೊತ್ತಾ? ಮೊದಲು ಬಂಗಾರದ ಅಂಗಡಿಯ ಹೆಸರಿದ್ದ ಕ್ಯಾಲೆಂಡರ್ ತೆಗೆದೆ. ಕೆಳಗಿನ ಚಿಂದಿ ಗುಡಿಸಿದೆ. ಬ್ಲೌಸ್ ಪೀಸಿನ ಪ್ಲಾಸ್ಟಿಕ್ ಚೀಲಗಳನ್ನು ಒಳಗಿಟ್ಟೆ. ಮಿಷನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ ಕಂಪನಿ ಹೆಸರು ಇದೆಯಲ್ಲ, ಅದರ ಮೇಲೆ ಒಂದು ಬಟ್ಟೆ ಹಾಕಿದೆ. ಟ್ಯೂಬ್‌ಲೈಟ್ ಆರಿಸಿ ಸಾಫ್ಟ್‌ಬಾಕ್ಸ್ (ಬೆಳಕು ಮೃದು ಮಾಡುವ ಸ್ಟುಡಿಯೋ ದೀಪ) ನಿಲ್ಲಿಸಿದೆ. ಅಪ್ಪ ನೋಡಿ ನೋಡಿ “ಏನಲೇ, ಕನ್ಯಾ ನೋಡಾಕ ಬರಾಕತ್ತಾರೇನು?” ಅಂದರು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದೆ. ಶಾರ್ಪ್ ಇದೆ, ನಾಯ್ಸ್ (ಮರಳಿನಂಥ ಚುಕ್ಕಿ) ಇಲ್ಲ, ಬಲಗಡೆ ಜಾಹೀರಾತಿನ ಅಕ್ಷರ ಕೂರಿಸಲು ಜಾಗ ಕೂಡ ಬಿಟ್ಟಿದ್ದೇನೆ! ‘ಭಾರತದ ಹಿರಿಯ ದರ್ಜಿ, ಸಣ್ಣ ಉದ್ಯಮ’. ಅದು ನಮ್ಮ ಅಂಗಡಿ ಅಲ್ಲವೇ ಅಲ್ಲ.

ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಗುತ್ತದೆ. ಸ್ಟಾಕಿನಲ್ಲಿ ವರ್ಷಗಟ್ಟಲೆ ಇದ್ದು ಆಮೇಲೆ ತಮ್ಮದು ಅಂತ ಏನಾದರೂ ತೆಗೆಯಲು ಕಲಿತವರು ಯಾರಾದರೂ ಇಲ್ಲಿದ್ದೀರಾ? ಈ ಚಟ ಹೇಗೆ ಬಿಟ್ಟಿರಿ? ಹೊಸ ಲೆನ್ಸ್ ತಗೊಳ್ಳಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ.

---

ಸ್ಟುಡಿಯೋ ಕಾಕಾ

ತಮ್ಮಾ, ಮೊದಲು ಆ ಬೋರ್ಡಿನ ವಿಷಯ. ಅದನ್ನು ನಕ್ಕು ಬಿಡಬೇಡ. ಹೆಚ್ಚಿನ ಏಜೆನ್ಸಿಗಳ ಲೈಸೆನ್ಸಿನಲ್ಲಿ ಸೆನ್ಸಿಟಿವ್ ಯೂಸ್ ಅಂತ ಒಂದು ಕಲಮು ಇರುತ್ತದೆ. ಫೋಟೋದಲ್ಲಿರುವವನಿಗೆ ರೋಗ ಇದೆ ಎಂದು ಅನ್ನಿಸುವ ಹಾಗೆ ಬಳಸುವಂತಿಲ್ಲ. ಕೆಲವರು ಪೂರಾ ಬೇಡ ಅನ್ನುತ್ತಾರೆ, ಕೆಲವರು ‘ಇವರು ಮಾಡೆಲ್ ಮಾತ್ರ’ ಅಂತ ಕೆಳಗೆ ಬರೆಯಬೇಕು ಅನ್ನುತ್ತಾರೆ. ಮಾಡೆಲ್ ರಿಲೀಸ್‌ಗೆ (ಫೋಟೋ ಬಳಸಲು ಕೊಡುವ ಒಪ್ಪಿಗೆ ಪತ್ರ) ಅಪ್ಪ ಸಹಿ ಹಾಕಿದ್ದರೂ ಈ ಕಲಮು ಉಳಿಯುತ್ತದೆ. ಬೋರ್ಡಿನ ಫೋಟೋ, ಊರು, ತಾರೀಕು, ಫೈಲ್ ನಂಬರ್ ಹಾಕಿ ಏಜೆನ್ಸಿಗೆ ಬರೆ. ಆ ಎಣ್ಣೆಯವನು ಲೈಸೆನ್ಸ್ ತಗೊಂಡಿದ್ದಾನೋ ಇಲ್ಲವೋ ಅದೂ ಗೊತ್ತಾಗುತ್ತದೆ.

ಇನ್ನು ನಿನ್ನ ಪ್ರಶ್ನೆ. ನನ್ನದು ಸ್ಟುಡಿಯೋ, ಮೂವತ್ತು ವರ್ಷದ ಮೇಲಾಯಿತು. ಜೀವಮಾನವೆಲ್ಲ ಪಾಸ್‌ಪೋರ್ಟ್ ಫೋಟೋ ತೆಗೆದವನು ನಾನು, ಬಿಳಿ ಹಿನ್ನೆಲೆಯ ವಿಷಯ ನನಗೆ ಹೇಳಬೇಡ! ಸ್ಟಾಕ್ ಬಿಡು ಅಂತ ಇಲ್ಲಿ ಯಾರಾದರೂ ಹೇಳಿದರೆ ಕೇಳಬೇಡ. ಅಕ್ಕಿ ಬೇಳೆ ಅದರಿಂದ ಬರುತ್ತಿದ್ದರೆ ಬರಲಿ. ದುಡ್ಡಿಗೆ ತೆಗೆದ ಫೋಟೋ ಎಲ್ಲ ಸತ್ತ ಫೋಟೋ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಮಧ್ಯಪ್ರದೇಶದ ನಾಗ್ದಾ ಎಂಬ ಫ್ಯಾಕ್ಟರಿ ಊರಿನಲ್ಲಿ ಸುರೇಶ್ ಪಂಜಾಬಿ ಅಂತ ಒಬ್ಬರು, ಸುಹಾಗ್ ಸ್ಟುಡಿಯೋ ಇಟ್ಟವರು. ನಮ್ಮ ಹಾಗೇ ಗಿರಾಕಿ ಬಂದರೆ ಫೋಟೋ, ಇಲ್ಲದಿದ್ದರೆ ಇಲ್ಲ. ಅವರು 1970-80ರ ದಶಕದಲ್ಲಿ ತೆಗೆದ ಫೋಟೋಗಳು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯಾಪ್ (ಕಲೆ ಮತ್ತು ಫೋಟೋಗ್ರಫಿಯ) ಮ್ಯೂಸಿಯಮ್ಮಿನ ಸಂಗ್ರಹದಲ್ಲಿವೆ. ಯಾಕೆ ಅಂದರೆ ಅವರ ಗಿರಾಕಿ ತಾನು ಹೇಗೆ ಕಾಣಬೇಕು ಅಂತ ಬಂದಿದ್ದನೋ ಹಾಗೇ ಬಂದು ನಿಂತಿದ್ದಾನೆ. ಸ್ಟಾಕಿನಲ್ಲಿ ನಿಂತವನಿಗೆ ತಾನು ಯಾರು ಅಂತ ಗೊತ್ತಿಲ್ಲ, ಎಣ್ಣೆಯವನು ಬಂದು ಹೇಳಬೇಕು. ವ್ಯತ್ಯಾಸ ಇರುವುದು ಅಲ್ಲಿ, ದುಡ್ಡಿನಲ್ಲಿ ಅಲ್ಲ.

ಇನ್ನೊಂದು, ಕೈ ಕೆಲಸದ ಮಾತು. ಟ್ಯೂಬ್‌ಲೈಟ್ ಆರಿಸಬೇಡ. ಅಪ್ಪ ನಲವತ್ತು ವರ್ಷ ಆ ಬೆಳಕಿನಲ್ಲೇ ಸೂಜಿಗೆ ದಾರ ಪೋಣಿಸಿದ್ದಾರೆ. ನಮ್ಮ ಕರೆಂಟು 50 ಹರ್ಟ್ಸ್, ಹಳೆ ಚೋಕಿನ ಟ್ಯೂಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್ ವೇಗ 1/50 ಅಥವಾ 1/100 ಸೆಕೆಂಡು ಇಟ್ಟರೆ ಅಡ್ಡ ಪಟ್ಟೆ ಬರುವುದಿಲ್ಲ. ಸೈಲೆಂಟ್ ಶಟರ್ ಬೇಡ. ಸ್ವಲ್ಪ ಹಸಿರು ಹೊಡೆಯುತ್ತದೆ, ಹೊಡೆಯಲಿ ಬಿಡು. ಐಎಸ್‌ಒ 3200 ಇಡು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಅದು, ಏರಿಸಿದರೆ ನಾಯ್ಸ್ ಬರುತ್ತದೆ. ನಾಯ್ಸ್ ಅಂತ ರಿಜೆಕ್ಟ್ ಮಾಡುವವರು ನಿಮ್ಮ ಮನೆಯಲ್ಲಿ ಯಾರೂ ಇಲ್ಲವಲ್ಲ.

---

ಐಎಸ್‌ಒ_ನೂರು

ಅಣ್ಣಾ, ನಾನು ಸ್ಟಾಕಿಗೆ ಬಂದದ್ದೇ 2021ರಲ್ಲಿ, ಅಂದರೆ ಜಾತ್ರೆ ಮುಗಿದ ಮೇಲೆ ತೇರು ನೋಡಲು ಬಂದ ಹಾಗೆ. 2022ರ ಕೊನೆಗೆ ಅಡೋಬಿ ಸ್ಟಾಕಿನಲ್ಲಿ ಎಐ ಚಿತ್ರ ಏರಿಸಬಹುದು ಅಂದರು, 2023ರ ಮಾರ್ಚಿನಲ್ಲಿ ಚಿತ್ರ ಮಾಡುವ ಅವರದೇ ಎಐ ಫೈರ್‌ಫ್ಲೈ ಬಂತು, ಅದನ್ನು ಕಲಿಸಲು ಬಳಸಿದ್ದರಲ್ಲಿ ಅಡೋಬಿ ಸ್ಟಾಕಿಗೆ ಏರಿಸಿದ ಫೋಟೋಗಳೂ ಇದ್ದವು. ಬೆಂಡೆಕಾಯಿ ಬಿಳಿ ಹಿನ್ನೆಲೆಯಲ್ಲಿ ಬೇಕು ಅಂದರೆ ಈಗ ಒಂದು ಸಾಲು ಟೈಪ್ ಮಾಡಿದರೆ ಸಾಕು. ನಾನು ಎರಡು ವರ್ಷ ಸಾಫ್ಟ್‌ಬಾಕ್ಸ್ ಇಎಂಐ ಕಟ್ಟಿದ್ದು ನೆನೆದರೆ ಈಗ ಹೊಟ್ಟೆ ಉರಿಯುತ್ತದೆ.

ತಮಾಷೆಗೆ ನಿಮ್ಮ ‘ಭಾರತದ ಹಿರಿಯ ದರ್ಜಿ’ಯನ್ನೇ ಒಂದು ಎಐಗೆ ಕೇಳಿದೆ. ಚೆನ್ನಾಗೇ ಬಂತು. ಬಿಳಿ ಗಡ್ಡ, ಕಿಟಕಿಯಿಂದ ಬಂಗಾರದ ಬೆಳಕು. ಆದರೆ ಟೇಪಿನಲ್ಲಿ 7 ಆದಮೇಲೆ 12 ಬಂದಿದೆ, ಸೂಜಿಯ ಕೆಳಗೆ ಬಟ್ಟೆಯೇ ಇಲ್ಲ, ಕತ್ತರಿಗೆ ಮೂರು ಹಿಡಿ. ಇದೆಲ್ಲ ಮುಂದಿನ ವರ್ಷ ಸರಿ ಹೋಗಬಹುದು, ಅದು ಬೇರೆ ಮಾತು. ಆದರೆ ಬಂಗಾರದ ಅಂಗಡಿಯ ಕ್ಯಾಲೆಂಡರ್ ಮಾತ್ರ ಅದಕ್ಕೆ ಯಾವ ಕಾಲಕ್ಕೂ ಹೊಳೆಯುವುದಿಲ್ಲ. ನೀವು ತೆಗೆದದ್ದು ಅದನ್ನೇ. ಹೋಗಿ ಮೊದಲು ವಾಪಸ್ ನೇತು ಹಾಕಿ.

---

ಚಿಕ್ಕಗಡಿಯಾರ

ಇದನ್ನು ಓದಿ ಉತ್ತರ ಬರೆಯದೆ ಇರಲು ಆಗಲಿಲ್ಲ, ಸ್ವಲ್ಪ ಉದ್ದ ಆಗುತ್ತದೆ.

ನಾನು ಮೈಸೂರಿನವಳು. ಆರು ವರ್ಷ ಸ್ಟಾಕ್ ಮಾಡಿದೆ. ದೇವರಾಜ ಮಾರ್ಕೆಟ್ಟಿನ ಕುಂಕುಮದ ಗುಡ್ಡೆಗಳು ಗೊತ್ತಲ್ವಾ, ಕೆಂಪು, ಹಳದಿ, ನೀಲಿ, ಗೋಪುರದ ಹಾಗೆ ಚೂಪಾಗಿ ನಿಲ್ಲಿಸಿರುತ್ತಾರೆ. ಭಾರತ ಅಂತ ಹುಡುಕಿದರೆ ಮೊದಲು ಬರುವ ಚಿತ್ರಗಳಲ್ಲಿ ಅದೂ ಒಂದು. ನಾನೊಬ್ಬಳೇ ಅದನ್ನು ನೂರಾರು ಸಲ ತೆಗೆದಿರಬೇಕು. ಬೆಳಿಗ್ಗೆ ಹೋಗುವುದು, ಮೇಲಿನಿಂದ ಒಂದು, ಪಕ್ಕದಿಂದ ಒಂದು, ಬರುವುದು. ಒಂದು ದಿನ ನಾನು ಬಂದದ್ದು ನೋಡಿ ಅಂಗಡಿಯವರು ತಾವೇ ಎದ್ದು ಪಕ್ಕಕ್ಕೆ ನಿಂತರು. ಯಾಕೆ ಎದ್ದಿರಿ ಅಂದೆ. “ಫೋಟೋ ಹಿಡಿಯೋರು ಬಂದ್ರೆ ನಾನೇ ಎದ್ಬಿಡ್ತೀನಿ ಮೇಡಂ, ನಿಮಗೆಲ್ಲ ಬಣ್ಣ ಮಾತ್ರ ತಾನೇ ಬೇಕಾಗಿರೋದು” ಅಂದರು. ಬೇಜಾರಿನಿಂದ ಹೇಳಿದ್ದಲ್ಲ, ವ್ಯಾಪಾರದವರು ಗಿರಾಕಿಗೆ ಅನುಕೂಲ ಮಾಡಿಕೊಡುವ ಹಾಗೆ ಹೇಳಿದರು. ನನಗೆ ಅವತ್ತು ಕ್ಯಾಮೆರಾ ಎತ್ತಲು ಆಗಲಿಲ್ಲ.

2016ರ ಆಗಸ್ಟಿನಲ್ಲಿ ಮಾರ್ಕೆಟ್ಟಿನ ಉತ್ತರದ ಕಡೆಯ ಒಂದು ಭಾಗ ಕುಸಿಯಿತು. ಅದಕ್ಕೆ ನಾಲ್ಕು ವರ್ಷ ಮೊದಲು ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜನ ಹೋಗಿದ್ದರು. ಕೆಡವಬೇಕು, ಬೇಡ, ಕೋರ್ಟು ಅಂತ ಶುರುವಾಯಿತು. ಮನೆಗೆ ಬಂದು ನನ್ನ ಹಾರ್ಡ್‌ಡಿಸ್ಕ್ ತೆರೆದು ನೋಡುತ್ತೇನೆ, ಆರು ವರ್ಷ ಹೋಗಿ ಬಂದ ಜಾಗದ ಒಂದು ಗೋಡೆ, ಒಂದು ಬಾಗಿಲು, ಒಬ್ಬರ ಮುಖ ಇಲ್ಲ. ಬಣ್ಣದ ಗುಡ್ಡೆ ಮಾತ್ರ. ನಿಮ್ಮ ಅಪ್ಪನ ಇನ್ನೂರು ಫೋಟೋ ಇದ್ದ ಹಾಗೆ.

ಆಮೇಲೆ ನಾನು ಮಾಡಿದ್ದು ಹೇಳುತ್ತೇನೆ, ಇದೇ ಸರಿ ಅಂತ ಅಲ್ಲ. ಮೊದಲ ಎರಡು ತಿಂಗಳು ಕ್ಯಾಮೆರಾ ಇಲ್ಲದೆ ಹೋದೆ. ಹೂವಿನವರ ಹತ್ತಿರ ಕೂತೆ, ವೀಳ್ಯದೆಲೆ ಎಣಿಸುವುದು ನೋಡಿದೆ. ಕುಂಕುಮದವರು ಬೆಳಿಗ್ಗೆ ಆ ಗುಡ್ಡೆ ಮಾಡುವುದನ್ನು ಆರು ವರ್ಷದಲ್ಲಿ ನಾನು ಒಂದು ಸಲವೂ ನೋಡಿರಲಿಲ್ಲ, ನಾನು ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಒಂದು ರಟ್ಟಿನ ತುಂಡು ಹಿಡಿದು ಸುತ್ತಲೂ ಸವರುತ್ತಾ, ಉಸಿರು ಬಿಗಿಹಿಡಿದು, ತುದಿ ಬರುವ ಹೊತ್ತಿಗೆ ಯಾರಾದರೂ ಸೀನಿದರೆ ಬೈಯುತ್ತಾ. ಕೈ ಮೊಣಕೈವರೆಗೆ ಕೆಂಪು. ಮೂರನೇ ತಿಂಗಳು ಜೂಮ್ ಇಲ್ಲದ ಒಂದೇ 35 ಎಂಎಂ ಲೆನ್ಸ್ ಹಾಕಿಕೊಂಡು ಹೋದೆ. ಜೂಮ್ ಇದ್ದರೆ ನಾನು ದೂರ ನಿಂತು ಬೇಡದ್ದನ್ನೆಲ್ಲ ಹೊರಗೆ ತಳ್ಳಿಬಿಡುತ್ತಿದ್ದೆ, ಅದಕ್ಕೆ. (ಲೆನ್ಸ್ ತಗೊಳ್ಳಿ ಅಂತ ಹೇಳುತ್ತಿಲ್ಲ! ಇರುವುದರಲ್ಲೇ ಒಂದನ್ನು ಬಿಟ್ಟು ಉಳಿದದ್ದು ಮನೆಯಲ್ಲಿಡಿ.) ನಾನೇ ಹಾಕಿಕೊಂಡ ಇನ್ನೊಂದು ನಿಯಮ, ಏನನ್ನೂ ಮುಟ್ಟುವಂತಿಲ್ಲ. ಒಂದು ಚೀಲ ಸರಿಸುವಂತಿಲ್ಲ. ಮೊದಮೊದಲು ಕೈ ತುರಿಸುತ್ತದೆ. ನಿಜವಾಗಿ ತುರಿಸುತ್ತದೆ, ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕಾಯಿತು.

ಎಲ್ಲಕ್ಕಿಂತ ಉಪಯೋಗವಾದದ್ದು ಇದು. ತಿಂಗಳಿಗೊಮ್ಮೆ ಅರವತ್ತು ಎಪ್ಪತ್ತು ಫೋಟೋ ಅಂಚೆ ಕಾರ್ಡಿನ ಅಳತೆಯಲ್ಲಿ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡುತ್ತಿದ್ದೆ. ಒಂದೊಂದಕ್ಕೂ ಹಳೆ ಅಭ್ಯಾಸದಂತೆ ಮನಸ್ಸಿನಲ್ಲೇ ಕೀವರ್ಡ್ (ಹುಡುಕುವವರಿಗೆ ಫೋಟೋ ಸಿಗಲಿ ಅಂತ ಬರೆಯುವ ಪದಗಳು) ಹಾಕುವುದು. ನಿಮಗೂ ಗೊತ್ತು, ನಮ್ಮಂಥವರು ಒಂದು ಬೆಂಡೆಕಾಯಿಗೆ ಐವತ್ತು ಕೀವರ್ಡ್ ನಿಂತ ನಿಲುವಿನಲ್ಲಿ ಹಾಕುತ್ತೇವೆ. ಯಾವ ಫೋಟೋಗೆ ಪಟಪಟ ಕೀವರ್ಡ್ ಬಂತೋ ಅದು ಸ್ಟಾಕಿಗೆ. ಯಾವುದಕ್ಕೆ ನಾಲ್ಕೈದು ಹಾಕಿ ನಿಂತುಬಿಟ್ಟೆನೋ, ಏನು ಹಾಕಿದರೂ ಸರಿ ಅನ್ನಿಸಲಿಲ್ಲವೋ, ಅದು ನನಗೆ ಅಂತ ಎತ್ತಿಡುವ ಡಬ್ಬಿಗೆ. ಮೊದಲ ತಿಂಗಳು ಡಬ್ಬಿಗೆ ಹೋದದ್ದು ಎರಡು. ಒಂದು ವರ್ಷಕ್ಕೆ ನಲವತ್ತಾಯಿತು. ಈ ನಲವತ್ತೇ ನನ್ನ ಕೆಲಸ ಅಂತ ಈಗ ಅಂದುಕೊಂಡಿದ್ದೇನೆ. ಸ್ಟಾಕ್ ಕಲಿಸಿದ ವಿದ್ಯೆಯನ್ನೇ ತಿರುಗಿಸಿ ಹಿಡಿದದ್ದು ಅಷ್ಟೇ.

ಕಾಕಾ ಹೇಳಿದ ದುಡ್ಡಿನ ಮಾತಿಗೆ ನನ್ನದೂ ಒಂದು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರು (1923-2009) ಪತ್ರಿಕೆಗಳಿಗೆ, ಯುನಿಸೆಫ್‌ಗೆ, ವಿಶ್ವ ಆರೋಗ್ಯ ಸಂಸ್ಥೆಗೆ ಅಸೈನ್‌ಮೆಂಟ್ ಮಾಡಿದವರು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷ ಅದು, ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ಬೇರೆಯವರು ಹೇಳಿ ಮಾಡಿಸಿದ ಕೆಲಸ ಅದರಲ್ಲೂ ಇತ್ತು. ಆದರೂ ಅವರ ಚಿತ್ರದಲ್ಲಿರುವ ಮಗು ಯಾವುದೋ ಒಂದು ಮಗು ಅಲ್ಲ, ಅದೇ ಮಗು. ನಾನು ಅವರ ಪ್ರಿಂಟುಗಳನ್ನು ನೋಡುವಾಗ ಮೂಲೆಗಳನ್ನು ನೋಡುತ್ತೇನೆ. ಮುಖ ಆಮೇಲೆ.

---

ಸಲೂನ್ ಬಿಟ್ಟವ

ಚಿಕ್ಕಗಡಿಯಾರ ಮೇಡಂ ಹೇಳಿದ್ದಕ್ಕೆಲ್ಲ ನನ್ನ ಓಟು. ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ.

ಸ್ಟಾಕ್ ಬೇಜಾರಾದವರು ಮುಂದೆ ಹೋಗಿ ಬೀಳುವ ಬಾವಿ ಯಾವುದು ಅಂದರೆ ಸ್ಪರ್ಧೆ. ಸಲೂನ್ ಅಂದರೆ ಕ್ಷೌರದ ಅಂಗಡಿ ಅಲ್ಲ, ಫೋಟೋ ಸ್ಪರ್ಧೆಗೆ ಹಾಗೆ ಹೇಳುತ್ತಾರೆ. ಇಷ್ಟು ದೇಶದಲ್ಲಿ ಇಷ್ಟು ಚಿತ್ರ ಆಯ್ಕೆಯಾದರೆ ಹೆಸರಿನ ಮುಂದೆ ಎಎಫ್‌ಐಎಪಿ, ಇನ್ನಷ್ಟು ಆದರೆ ಇಎಫ್‌ಐಎಪಿ, ಅಂತರರಾಷ್ಟ್ರೀಯ ಫೋಟೋ ಒಕ್ಕೂಟವೊಂದು ಕೊಡುವ ಬಿರುದುಗಳು. ನಾನು ಹನ್ನೊಂದು ವರ್ಷ ಅದರ ಹಿಂದೆ ಓಡಿದೆ, ಒಂದು ಅಕ್ಷರಮಾಲೆ ಗಳಿಸಿಕೊಂಡೆ. ಒಂದು ದಿನ ಲೆಕ್ಕ ಬರೆಯುವಾಗ ಹೊಳೆಯಿತು, ನನ್ನ ಎಕ್ಸೆಲ್ ಶೀಟು ಸ್ಟಾಕ್ ಮಾಡುವ ಗೆಳೆಯನ ಶೀಟಿನ ಹಾಗೇ ಇದೆ! ಎಷ್ಟು ಕಳಿಸಿದೆ, ಎಷ್ಟು ಆಯ್ಕೆ, ಎಷ್ಟು ರಿಜೆಕ್ಟ್. ಅವನಿಗೆ ಸೆಂಟಾದರೂ ಬರುತ್ತಿತ್ತು, ನಾನು ಎಂಟ್ರಿ ಫೀ ಕಟ್ಟುತ್ತಿದ್ದೆ.

ಅಲ್ಲಿಯೂ ಕೀವರ್ಡ್ ಇವೆ, ಬರೆದಿಡುವುದಿಲ್ಲ ಅಷ್ಟೇ. ಸುಕ್ಕು ಬಿದ್ದ ಮುಖದ ಅಜ್ಜ ಬೀಡಿ ಸೇದಬೇಕು, ಹೊಗೆಗೆ ಹಿಂದಿನಿಂದ ಬೆಳಕು ಬೀಳಬೇಕು. ಕಂಬಳದ ಗದ್ದೆಯ ತುದಿಯಲ್ಲಿ ಸಾಲಾಗಿ ಕೂತ ನಮ್ಮನ್ನು ನೀವು ನೋಡಬೇಕಿತ್ತು, ಎಲ್ಲರದೂ ಒಂದೇ ಲೆನ್ಸು, ಒಂದೇ ಎತ್ತರ, ಕೋಣ ಬಂದ ಕೂಡಲೇ ಎಲ್ಲರದೂ ಒಂದೇ ಕ್ಷಣಕ್ಕೆ ಟರ್ ಅಂತ ಶಬ್ದ. ಆ ಓಡಿಸುವವನ ಹೆಸರು ನಮ್ಮಲ್ಲಿ ಒಬ್ಬನೂ ಕೇಳಿಕೊಂಡು ಬರಲಿಲ್ಲ.

ಹಾಗಂತ ಕ್ಲಬ್ಬುಗಳನ್ನು ಬೈಯುತ್ತಿಲ್ಲ. ಬೆಂಗಳೂರಿನ ಯೂತ್ ಫೋಟೋಗ್ರಫಿಕ್ ಸೊಸೈಟಿ 1971ರಿಂದ ನಡೆಯುತ್ತಿದೆ, ಬೆಳಕು ಎಂದರೇನು ಅಂತ ಎಷ್ಟೋ ಜನ ಇಂಥ ಕಡೆಯೇ ಕಲಿತದ್ದು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್ ಅವರಂಥ ಕಾಡಿನ ಫೋಟೋಗ್ರಾಫರುಗಳು ಇದ್ದ ಊರು ಅದು. ಕಲಿಯಲು ಹೋಗಿ. ಅಪ್ಪನ ಫೋಟೋವನ್ನು ಮಾತ್ರ ಸ್ಪರ್ಧೆಗೆ ಕಳಿಸಬೇಡಿ. ಕಳಿಸುತ್ತೀರಿ ಅಂತ ತಲೆಯಲ್ಲಿ ಬಂದ ತಕ್ಷಣ ನೀವು ಅವರನ್ನು ಕಿಟಕಿ ಹತ್ತಿರ ಕೂರಿಸುತ್ತೀರಿ.

---

ಕಾಜಾಗುಂಡಿ

ಎಲ್ಲರಿಗೂ ಥ್ಯಾಂಕ್ಸ್. ಸಲೂನ್ ಬಿಟ್ಟವರೇ, ನಿಜ ಹೇಳಲಾ, ಕಿಟಕಿ ಹತ್ತಿರ ಕೂರಿಸಿಯೂ ಆಗಿತ್ತು.

ಕ್ಯಾಲೆಂಡರ್ ವಾಪಸ್ ಹಾಕಿದ್ದೇನೆ. ಏಜೆನ್ಸಿಗೆ ಬರೆದಿದ್ದೇನೆ. ಒಂದು ಪ್ರಶ್ನೆ ಮೇಡಂ, ಕ್ಯಾಮೆರಾ ಇಲ್ಲದೆ ಹೋಗಿ ಕೂತರೆ ಸಮಯ ಹಾಳು ಅನ್ನಿಸಲಿಲ್ಲವಾ? ನಾನು ನಿನ್ನೆ ಅರ್ಧ ತಾಸು ಕೂತೆ, ಫೋನ್ ತೆಗೆದು ನೋಡಲು ಶುರು ಮಾಡಿದೆ.

---

ಚಿಕ್ಕಗಡಿಯಾರ

ಅನ್ನಿಸಿತು, ಬಹಳ. ಅದಕ್ಕೇ ಹೂವಿನವರ ಹತ್ತಿರ ಹೂ ಕಟ್ಟಲು ಕೂತೆ. ನನ್ನದು ಸಡಿಲ ಅಂತ ಮೂರು ಸಲ ಬಿಚ್ಚಿಸಿದರು. ನಿಮ್ಮ ಅಪ್ಪ ನಿಮಗೂ ಏನಾದರೂ ಕೆಲಸ ಕೊಡುತ್ತಾರೆ ನೋಡಿ.

---

ಸ್ಟುಡಿಯೋ ಕಾಕಾ

ಕೊಡದಿದ್ದರೆ ಕೇಳಿ ಇಸಕೊಳ್ಳಬೇಕು. ಟೈಲರ್ ಅಂಗಡಿಯಲ್ಲಿ ಸುಮ್ನೆ ಕೂತವನನ್ನು ನೋಡಿದರೆ ಬಂದ ಗಿರಾಕಿ ಸಾಲ ವಸೂಲಿಯವನು ಅಂದುಕೊಳ್ಳುತ್ತಾನೆ.

---

ಕಾಜಾಗುಂಡಿ (ಮೂರು ವಾರದ ನಂತರ)

ಏನಾಯಿತು ಅಂತ ನಿಮಗೆಲ್ಲ ಹೇಳಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಕಾಕಾ ಹೇಳಿದ ಹಾಗೇ ಆಯಿತು. ಮಾರನೇ ದಿನ ಹೋಗಿ ಕೂತ ಹತ್ತು ನಿಮಿಷಕ್ಕೆ ಅಪ್ಪ ಒಂದು ಅಂಗಿ ಎಸೆದು “ಸುಮ್ನ ಕುಂಡ್ರಬ್ಯಾಡ, ಗುಂಡಿ ಹಚ್ಚು” ಅಂದರು. ಹುಡುಗನಿದ್ದಾಗ ರಜೆಯಲ್ಲಿ ಮಾಡುತ್ತಿದ್ದ ಕೆಲಸ. ಒಂದು ವಾರ ಗುಂಡಿ ಹಚ್ಚಿದೆ, ಆಮೇಲೆ ಕಾಜಾ (ಗುಂಡಿ ತೂರಿಸುವ ತೂತಿನ ಹೊಲಿಗೆ) ಹಾಕಲು ಕೊಟ್ಟರು. ಕೆಳಗೆ ಕೂತು ಗುಂಡಿ ಹಚ್ಚುವಾಗ ಅಂಗಡಿ ಬೇರೆ ಥರ ಕಾಣುತ್ತದೆ. ಕಟಿಂಗ್ ಟೇಬಲ್ಲಿನ ಕೆಳಗೆ ಒಂದು ಅಟ್ಟ ಇದೆ, ಅದರಲ್ಲಿ ಅಳತೆ ಬುಕ್ಕುಗಳ ಕಟ್ಟು. 1983ರಿಂದ. ಉದ್ದನೆಯ ಲೆಕ್ಕದ ಬುಕ್ಕು, ಬೆನ್ನಿಗೆ ಬಕ್ರಮ್ ಅಂಟಿಸಿ ಗಟ್ಟಿ ಮಾಡಿದ್ದಾರೆ. ಇಷ್ಟು ವರ್ಷ ಅದು ಅಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಒಂದೊಂದು ಅಳತೆಯ ಪಕ್ಕ ಆ ಬಟ್ಟೆಯ ಸಣ್ಣ ತುಂಡು, ಗುಂಡುಪಿನ್ನು ಚುಚ್ಚಿ ಇಟ್ಟಿದ್ದಾರೆ. ಪಿನ್ನಿನ ತುಕ್ಕು ಮುಂದಿನ ಮೂರು ಹಾಳೆಗೆ ಇಳಿದಿದೆ. ಹೆಸರುಗಳೇ ಇಲ್ಲ, ‘ಪೋಸ್ಟಿನವರು’, ‘ಉದ್ದನೆ ಮಾಸ್ತರ’, ‘ಸೋಡಾ ಅಂಗಡಿ ಹಿರೇಮಗ’ ಅಂತ. ಉದ್ದನೆ ಮಾಸ್ತರರ ಸೊಂಟ ಮೊದಲ ಬುಕ್ಕಿನಲ್ಲಿ 30. ಮದುವೆಯ ಸೂಟಿಗೆ 32. ಆಮೇಲೆ 36, 38. ಆಮೇಲೆ ಮೂರು ಬುಕ್ಕು ಬಿಟ್ಟು ನೋಡಿದರೆ 33. ಅಪ್ಪ ಮಿಷನ್ ನಿಲ್ಲಿಸದೆ “ಸಕ್ಕರಿ ಬಂತು ಅವ್ರಿಗೆ” ಅಂದರು. ಕೊನೆಯ ಅಳತೆಗೆ ಒಂದು ಗೆರೆ ಹೊಡೆದಿದೆ. ಅದರ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವತ್ತಿನಿಂದ ಕ್ಯಾಮೆರಾ ತೆಗೆದುಕೊಂಡು ಹೋದೆ. 1/50, ಐಎಸ್‌ಒ 3200, ಟ್ಯೂಬ್‌ಲೈಟ್ ಹತ್ತಿಸಿಯೇ. ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದೇನೆ. ಮೊದಲ ಹಾಳೆಗೇ ಪಿನ್ನು ತೆಗೆದು ತುಂಡನ್ನು ನೆಟ್ಟಗೆ ಮಾಡಲು ಕೈ ಹೋಯಿತು, ಹಿಂದೆ ಎಳೆದುಕೊಂಡೆ. ಮಧ್ಯೆ ಮಧ್ಯೆ ಅಪ್ಪ. ಸೀಮೆಸುಣ್ಣ ಹಿಡಿದ ಬೆರಳು, ಬಾಯಲ್ಲಿ ಕಚ್ಚಿದ ಪಿನ್ನು, ಕರೆಂಟು ಹೋದಾಗ ಬಾಗಿಲಿಗೆ ಬಂದು ನಿಂತದ್ದು. ಕೀವರ್ಡ್ ಪರೀಕ್ಷೆಯನ್ನೂ ಮಾಡಿದೆ ಮೇಡಂ. ಹೆಚ್ಚಿನವಕ್ಕೆ ದರ್ಜಿ, ಹಿರಿಯ, ಹೊಲಿಗೆ ಅಂತ ಪಟಪಟ ಬಂತು, ಚಟ ಅಷ್ಟು ಬೇಗ ಹೋಗುವುದಲ್ಲ. ಆ 33ರ ಹಾಳೆಗೆ ‘ಕಾಗದ’ ಅಂತ ಒಂದು ಹಾಕಿ ನಿಂತೆ.

ಸ್ಟಾಕ್ ಬಿಟ್ಟಿಲ್ಲ. ಹಬ್ಬದ ಸಾಮಾನಿನ ಫೋಟೋ ಏರಿಸುವ ಕಾಲ, ಬೆಳಿಗ್ಗೆ ಅದೇ, ಮಧ್ಯಾಹ್ನ ಅಂಗಡಿ. ಏಜೆನ್ಸಿಯಿಂದ ಇನ್ನೂ ಉತ್ತರ ಇಲ್ಲ. ಬೋರ್ಡಿನಲ್ಲಿ ಅಪ್ಪ ಇನ್ನೂ ನಗುತ್ತಿದ್ದಾರೆ, ಮಳೆಗೆ ಒಂದು ಮಂಡಿ ಹರಿದಿದೆ.

ನಿನ್ನೆ ಹನ್ನೆರಡು ಪ್ರಿಂಟ್ ಹಾಕಿಸಿ ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಒಂದೊಂದನ್ನೇ ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು, ಬಟ್ಟೆಯ ನೇಯ್ಗೆ ನೋಡುವ ಹಾಗೆ. ಅವರು ಬಗ್ಗಿ ಗುರುತು ಹಾಕುವ ಫೋಟೋ ಬಂದಾಗ ನಿಂತರು. ನನಗೂ ಅದೇ ಎಲ್ಲಕ್ಕಿಂತ ಚೆನ್ನಾಗಿದೆ ಅನ್ನಿಸಿತ್ತು, ಏನಾದರೂ ಅನ್ನುತ್ತಾರೆ ಅಂತ ಕಾದೆ. ಅವರ ಬೆರಳು ಹೋದದ್ದು ಹಿಂದೆ ಹ್ಯಾಂಗರಿಗೆ ನೇತು ಹಾಕಿದ್ದ ಅಂಗಿಯ ಮೇಲೆ.

“ಮೂರನೇ ಕಾಜಾ ಡೊಂಕ ಐತಿ. ನೀ ಹಾಕಿದ್ದಲ್ಲ ಇದು?”

ಹೌದು, ನಾನು ಹಾಕಿದ್ದೇ. ರಾತ್ರಿ ಕೂತು ಬಿಚ್ಚಿ ಮತ್ತೆ ಹಾಕಿದೆ. ಅಂಗಿಯವರು ನಾಳೆ ಹತ್ತು ಗಂಟೆಗೆ ಬರುತ್ತಾರೆ.